ಬಂಗುಡೆ ಡಬ್ಬದ ಜೊತೆ

ಮುಲುಂಡ್, ಗುರುವಾರ

ಮೊಣಕಾಲಿನ ಡಾಕ್ಟರ್ ತಮ್ಮ ಪ್ರಶಾಂತನಿಗೆ,

ಫೋನ್ ಮಾಡಿದರೆ ಆಪರೇಷನ್‌ನಲ್ಲಿದ್ದೇನೆ ಅನ್ನುತ್ತೀಯ. ಅದಕ್ಕೇ ಬಂಗುಡೆ ಸಾರಿನ ಡಬ್ಬದ ಜೊತೆ ನಿನ್ನ ಭಾವನ ಕೈಯಲ್ಲಿ ಈ ಕಾಗದ ಕಳಿಸಿದ್ದೇನೆ. ಮೊದಲು ಇದನ್ನು ಓದು, ಸತ್ತ ಮೀನು ಎಲ್ಲಿಗೂ ಓಡದು.

ನನ್ನ ಮಗಳು ನಿಶಾಳ ಮೊಣಕಾಲಿಗೆ ಎರಡನೇ ಸಲ ಆಪರೇಷನ್ ಮಾಡಿದ ದಿನ ನೀನು ಲಿಫ್ಟಿನ ಹತ್ತಿರ ನನಗೆ, “ಅಕ್ಕಾ, ಇವಳಿಗೆ ಇನ್ನು ಕಬಡ್ಡಿ ಬೇಡ. ಲಿಗಮೆಂಟ್ ಮತ್ತೆ ಹರಿದರೆ ನಡೆಯುವುದೇ ಕಷ್ಟ” ಅಂದೆ. ಒಳಗೆ ಹೋಗಿ ಅವಳಿಗೆ, “ಮುಂದಿನ ಸೀಸನ್‌ಗೆ ನೋಡುವ ಮಗಾ” ಅಂದೆ! ಅಷ್ಟನ್ನೇ ನಂಬಿಕೊಂಡು ಅವಳೀಗ ಬಿಲ್ಡಿಂಗಿನ ಟೆರೇಸಿನಲ್ಲಿ ನೀರಿನ ಟ್ಯಾಂಕನ್ನೇ ಎದುರಾಳಿ ಮಾಡಿಕೊಂಡು ಕಬಡ್ಡಿ ರೇಡ್ ಮಾಡುತ್ತಿದ್ದಾಳೆ. ಬೇಡವೆಂದರೆ, “ಮಮ್ಮಿ, ತುಮ್ ಡಾಕ್ಟರ್ ಹೋ ಕ್ಯಾ? ಮಾಮ ನೋಡುವ ಅಂದಿದ್ದಾರೆ” ಅನ್ನುತ್ತಾಳೆ. ಮೊಣಕಾಲು ನಿನ್ನ ಪಾಲು, ಮುನಿಸೆಲ್ಲ ನನ್ನ ಪಾಲು.

ಕಾಲೇಜಿನಲ್ಲಿ ಆಡುವಾಗ ನಿನ್ನ ಮೊಣಕಾಲು ಹೋದಾಗ ಅಪ್ಪನೂ ಹೀಗೇ “ಮುಂದಿನ ವರ್ಷ ನೋಡುವ” ಅನ್ನುತ್ತಿದ್ದರು. ನೀನು ಶೂ ಒರೆಸಿಡುತ್ತ ಕಾದೆ. ಇನ್ನು ಆಡುವಂತಿಲ್ಲವೆಂಬ ನಿಜ ತಿಳಿದ ದಿನ, “ನಾನು ಆಟಗಾರರ ಡಾಕ್ಟರ್ ಆಗುತ್ತೇನೆ, ಯಾರಿಗೂ ಸುಳ್ಳು ಹೇಳುವುದಿಲ್ಲ” ಎಂದು ಸಿಟ್ಟಿನಲ್ಲಿ ಹೇಳಿದ್ದು ನನ್ನ ಹತ್ತಿರವೇ. ಪಾರ್ಲೆಯ ನಿನ್ನ ಕ್ಲಿನಿಕ್ಕಿಗೆ ಬರುವವರಿಗೆಲ್ಲ ನಿಜವನ್ನು ಮುಖಕ್ಕೇ ಹೇಳುತ್ತೀಯಂತೆ. ಮನೆಯ ಹುಡುಗಿಯ ಮುಂದೆ ಮಾತ್ರ ಬಾಯಿಗೆ ಪ್ಲಾಸ್ಟರ್ ಹಾಕಿಕೊಂಡೆಯಾ?

ಭಾನುವಾರ ಖಾಲಿ ಡಬ್ಬ ಹಿಡಿದುಕೊಂಡು ನೀನೇ ಬಾ. ಮೊದಲು ಟೆರೇಸಿಗೆ ಹೋಗು, ಊಟ ಆಮೇಲೆ. ಅವಳು ಅಳುತ್ತಾಳೆಂದು ಹೆದರಬೇಡ. ಅವತ್ತು ನಿನ್ನನ್ನು ಸಮಾಧಾನ ಮಾಡಿದವಳೂ ನಾನೇ ಅಲ್ಲವೇ?

ಸಿಟ್ಟು ಇನ್ನೂ ಇಳಿಯದ ಅಕ್ಕ,
ಶೀಲಾವತಿ