ಚಿರಂತ್ ಮಲಗುತ್ತಿದ್ದ ಕುರಿಹಟ್ಟಿ

ಡಿಸೆಂಬರ್ 9, ಸೋಮವಾರ. ವಿಜಯವಾಡ

ನಮ್ಮ ಬ್ಯಾಂಕಿನ ಆಟೋನಗರ್ ಬ್ರಾಂಚ್. ಮತ್ತೆ ಸರ್ವರ್ ಡೌನ್. ಕ್ಯೂ ಹೊರಗಿನ ವೆಲ್ಡಿಂಗ್ ಶೆಡ್‌ವರೆಗೆ. ತಮ್ಮನ ಫೋನ್ ಬೆಳಿಗ್ಗೆಯಿಂದ ಸ್ವಿಚ್ ಆಫ್. ಶನಿವಾರ ಬೆಟ್ಟಕ್ಕೆ ಹೋದವನು ಭಾನುವಾರ ಸಂಜೆ ಇಳಿದು ಫೋನ್ ಮಾಡುವುದು ರೂಢಿ. ಮೇಲೆ ಸಿಗ್ನಲ್ ಇಲ್ಲ, ಸರಿ. ಆದರೆ ಇವತ್ತು ಸೋಮವಾರ.

ಚಿತ್ರದುರ್ಗದಿಂದ ಅಮ್ಮ. "ಚಿರಂತ್ ಯಾಕೇ ಫೋನ್ ಎತ್ತಲ್ಲ?"

"ಫ್ಯಾಕ್ಟರೀಲಿ ಶಿಫ್ಟ್ ಇರಬೇಕಮ್ಮ" ಅಂದೆ.

ಡಿ. 11. ವಿಶಾಖಪಟ್ಟಣ

ರಜೆ ಹಾಕಿ ಬಂದೆ. ಎಂವಿಪಿ ಕಾಲೋನಿಯಲ್ಲಿ ತಮ್ಮನ ರೂಮು. ರೂಮ್‌ಮೇಟ್ ಸಾತ್ವಿಕ್ ಬಾಗಿಲು ತೆಗೆದ.

"ಅಕ್ಕಾ, ಅವನಿಗೆ ಇಲ್ಲಿ ನಿದ್ದೇನೇ ಬರ್ತಿರ್ಲಿಲ್ಲ. ಕುರಿಗಳ ಪಕ್ಕ ಮಲಗಿದ್ರೆ ಮಾತ್ರ ಬರುತ್ತೆ ಅಂತಿದ್ದ. ಅದಕ್ಕೇ ವಾರವಾರ ಹೋಗ್ತಿದ್ದಿದ್ದು."

ಟ್ರೆಕ್ಕಿಂಗ್ ಹುಚ್ಚು ಅಂದುಕೊಂಡಿದ್ದೆ. ಕಳಿಸುತ್ತಿದ್ದ ಫೋಟೊಗಳೂ ಹಾಗೇ — ಮಂಜು, ಮುಳ್ಳುಬೇಲಿ, ಕಂಬಳಿ ಹೊದ್ದ ಮುದುಕರು.

ಪೊಲೀಸ್ ಕಂಪ್ಲೇಂಟ್ ಆಯಿತು.

ಡಿ. 13. ಪಾಡೇರು ದಾಟಿ, ಬೆಟ್ಟದ ಮೇಲೆ

ಜೀಪು ನಿಂತಲ್ಲಿಂದ ನಡಿಗೆ. ಸಾತ್ವಿಕ್ ಜೊತೆಗಿದ್ದಾನೆ. ಮೊದಲ ಹಟ್ಟಿಯಲ್ಲಿ ಅವನನ್ನು ಕಂಡವರಿಲ್ಲ. ಇನ್ನೊಂದು ಖಾಲಿ. ಒಲೆಯ ಬೂದಿ, ಹಿಕ್ಕೆ, ಬಿದ್ದ ಬೇಲಿ. ಮಂದೆ ಬೇರೆ ಮೇವಿಗೆ ಹೊರಟುಹೋಗಿದೆ. ಕೂಗಿದೆ. ಬೆಟ್ಟ ನನ್ನ ದನಿಯನ್ನೇ ವಾಪಸು ಕೊಟ್ಟಿತು.

ಡಿ. 14. ಮಧ್ಯಾಹ್ನ

ಸಿಕ್ಕಿತು. ಅವನು ಬರುತ್ತಿದ್ದ ಹಟ್ಟಿ. ಕುರಿ ಕಾಯುವ ಪೈಡಯ್ಯ, ಹೆಂಡತಿ ಅಪ್ಪಲಮ್ಮ. ಫೋಟೊ ತೋರಿಸಿದೆ. ಅಪ್ಪಲಮ್ಮ ನಕ್ಕಳು. "ಮಾ ಬಾಬು!" ನಮ್ಮ ಹುಡುಗ! ನನಗೆ ಉಸಿರು ಬಂತು.

ಈ ಸಲ ಬಂದವನು ಬರೀ ಮಲಗಿದ್ದನಂತೆ. ಅಂಬಲಿಗೆ ಎಬ್ಬಿಸಿದರೂ ಏಳಲಿಲ್ಲವಂತೆ. ಸೋಮವಾರ ಬೆಳಕು ಹರಿಯುವಾಗ ಹೊರಟ. ಊರಿನ ದಾರಿಯಲ್ಲಲ್ಲ. ಅಪ್ಪಲಮ್ಮ ಮೇಲಿನ ಬಂಡೆಗಳ ಕಡೆ ಕೈ ತೋರಿಸಿದಳು.

ನಾನು ಅವನ ಅಕ್ಕ ಅಂದೆ, ನನ್ನ ಬ್ಯಾಂಕಿನ ತೆಲುಗಿನಲ್ಲಿ. ಅವಳ ನಗು ನಿಂತಿತು.

"ಅಕ್ಕ ಉಂದಾ? ಎವರೂ ಲೇರು ಅನ್ನಾಡು, ತಲ್ಲೀ."

ಅಕ್ಕ ಇದ್ದಾಳಾ? ತನಗೆ ಯಾರೂ ಇಲ್ಲ ಅಂದಿದ್ದನಂತೆ.

ಅವನು ಹೊದ್ದ ಕಂಬಳಿ ತಂದುಕೊಟ್ಟಳು. ಮುಖಕ್ಕೆ ಒತ್ತಿಕೊಂಡೆ. ಬರೀ ಕುರಿಯ ವಾಸನೆ. ಅವನದು ಏನೂ ಇಲ್ಲ.

ಪೈಡಯ್ಯ, ಸಾತ್ವಿಕ್ ಮೇಲೆ ಹುಡುಕಲು ಹೋಗಿದ್ದಾರೆ. ನನ್ನನ್ನು ಬರಬೇಡ ಅಂದರು. ಹೋದವರು ಇನ್ನೂ —

ಡಿ. 15

ಸಿಕ್ಕಿದ. ಬಂಡೆಯ ಕೆಳಗೆ, ಹಳ್ಳದಲ್ಲಿ.

ಕಾಲು ಜಾರಿರಬೇಕು ಅಂದರು ಪೊಲೀಸರು. ಪೈಡಯ್ಯ ತಲೆ ತಗ್ಗಿಸಿಕೊಂಡೇ ಇದ್ದ. ಜಾರಿದ ಅಂತ ಅವನು ಅನ್ನಲಿಲ್ಲ. ನಾನು ಕೇಳಲೂ ಇಲ್ಲ.

ಡಿ. 17. ವಿಶಾಖಪಟ್ಟಣ ರೈಲ್ವೆ ಸ್ಟೇಷನ್

ಅಮ್ಮ ಬರುತ್ತಿದ್ದಾಳೆ. ಒಬ್ಬಳೇ. ಚಿರಂತ್ ಆಸ್ಪತ್ರೆಯಲ್ಲಿದ್ದಾನೆ ಅಂತಷ್ಟೇ ಹೇಳಿದ್ದೇನೆ. ಸಾತ್ವಿಕ್ ಶವಾಗಾರದ ಹತ್ತಿರ ಕಾಯುತ್ತಿದ್ದಾನೆ.

ಈಗ ತಾನೇ ರೈಲಿನಿಂದ ಅಮ್ಮನ ಫೋನ್. "ದುವ್ವಾಡ ಸ್ಟೇಷನ್ ಅಂತೆ ಕಣೇ, ಇನ್ನೆಷ್ಟೊತ್ತು? ಅವನು ಊಟ ಮಾಡ್ತಾನಾ, ಬರೀ ಗಂಜೀನಾ?"

ಊಟ ಮಾಡ್ತಾನಮ್ಮ ಅಂದುಬಿಟ್ಟೆ.

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇಳಿದ ಕೂಡಲೇ ಹೇಳಬೇಕು. ಇಲ್ಲೇ, ಕೂರಿಸಿ. ಮೊದಲು ನೀರು ಕುಡಿಸಿ. ಕೈ ಹಿಡಿದುಕೊಂಡು. ಅಮ್ಮಾ, ಚಿರಂತ್...