ಒತ್ತಿದರೆ ನಿಲ್ಲುವ ಬ್ರಷ್ಷು

ಬುಧವಾರ, ಮಾರ್ಚ್ ೧೧

ಗುಡುಗಪ್ಪನಿಗೆ,

ನಿನ್ನ ಕರೆಂಟಮ್ಮ ಬರೆಯುತ್ತಿದ್ದೇನೆ. ಫ್ಯಾಕ್ಟರಿಯವರು ನಮಗಿಟ್ಟ ಹೆಸರುಗಳನ್ನೇ ಬಳಸಿದ್ದೇನೆ, ಬೈದುಕೋಬೇಡ. ಸಂಘದ ಪರವಾಗಿ ಗೇಟಿನ ಮುಂದೆ ಮೈಕಿಲ್ಲದೆ ಸಾವಿರ ಜನಕ್ಕೆ ಕೇಳುವ ಹಾಗೆ ಮಾತಾಡುತ್ತಿದ್ದವನು ನೀನು. ಎಲ್ಲಿ ಫ್ಯೂಸ್ ಹೋದರೂ ಏಣಿ ಹೊತ್ತು ಓಡುತ್ತಿದ್ದ ವಯರ್‌ಮನ್ ನಾನು. ನೀನು ಎಂದು ಏಕವಚನದಲ್ಲಿ ಬರೆಯುವುದೂ ನೀನೇ ಕಲಿಸಿದ್ದು. ಮೆಷಿನ್ ಮುಂದೆ 'ನೀನು', ಮನೆಯಲ್ಲಿ 'ನೀವು' ಅಂದರೆ ನನಗೆ ಇಬ್ಬರು ಹೆಂಡಿರಿದ್ದ ಹಾಗಾಗುತ್ತೆ ಎಂದು ಮದುವೆಯಾದ ವಾರವೇ ರೇಗಿಸಿದ್ದೆ.

ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನ ಕ್ಷೇಮ ಎಷ್ಟಿದೆ ಎಂದು ನಿನ್ನ ಅಕ್ಕ ಭಾನುವಾರ ಫೋನ್ ಮಾಡಿ ಹೇಳಿದ್ದಾರೆ. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ರಕ್ತದ ಕಲೆ. ವಸಡು ಊದಿ ಹಣ್ಣಾಗಿದೆ. ಕೆಳಗಿನ ಮುಂದಿನ ಎರಡು ಹಲ್ಲು ನಾಲಿಗೆ ತಾಗಿದರೆ ಅಲ್ಲಾಡುತ್ತವೆ. ಬಾಯಿ ತೆರೆದರೆ ವಾಸನೆ ಎಂದು ನೀನು ಗೋಡೆ ಕಡೆ ಮುಖ ಮಾಡಿ ಉತ್ತರ ಕೊಡುತ್ತೀಯಂತೆ. ಅದನ್ನೂ ಸಹಿಸಿಕೊಳ್ಳಬಹುದು. ಆದರೆ ಏಪ್ರಿಲ್ ಎರಡನೇ ತಾರೀಖಿನ ವಿಚಾರಣೆಗೆ ಹೋಗುವುದಿಲ್ಲ ಎಂದೆಯಂತಲ್ಲ, ಅದನ್ನು ಮಾತ್ರ ಸಹಿಸಲಾರೆ.

ಅದು ಕೊನೆಯ ವಿಚಾರಣೆ. ನೀನು ಹೋಗಿ ಬಾಯಿಬಿಟ್ಟು ಹೇಳದಿದ್ದರೆ 'ಕಾರ್ಮಿಕನ ಅಜಾಗರೂಕತೆಯಿಂದ ನಡೆದ ಅಪಘಾತ' ಎಂಬ ಮಾತಿಗೆ ಮುದ್ರೆ ಬೀಳುತ್ತದೆ. ಹತ್ತೊಂಬತ್ತು ವರ್ಷ ತಗಡು ಒತ್ತುವ ಪ್ರೆಸ್ ನಡೆಸಿದವನು, ಹೊಸಬರಿಗೆಲ್ಲ ಕೈ ಎಲ್ಲಿಡಬೇಕು ಎಲ್ಲಿಡಬಾರದು ಎಂದು ಕಲಿಸಿದವನು, ತನ್ನ ಬಲಗೈಯನ್ನು ತಾನೇ ಮರೆವಿನಿಂದ ಮೆಷಿನ್ನಿಗೆ ಕೊಟ್ಟ ಎಂದು ಸರ್ಕಾರಿ ಕಾಗದದಲ್ಲಿ ನಿಲ್ಲುತ್ತದೆ. ಹಲ್ಲು ಅಲ್ಲಾಡುತ್ತೆ, ಮಾತಾಡಿದರೆ ಜೊಲ್ಲು ಸುರಿಯುತ್ತೆ, ಅವರು ಮೂಗು ಮುಚ್ಚಿಕೊಳ್ಳೋದು ನೋಡೋಕೆ ಹೋಗಬೇಕಾ ಎಂದು ಕೇಳಿದೆಯಂತೆ. ಮುಚ್ಚಿಕೊಳ್ಳಲಿ ಬಿಡು. ನಿನ್ನ ಬಾಯಿ ಮುಚ್ಚಿಸಲು ಅವರು ಏನೆಲ್ಲ ಮಾಡಿ ಸೋತರು. ಈಗ ನಿನ್ನ ವಸಡೇ ಅವರ ಕೆಲಸ ಮಾಡಿಕೊಡಬೇಕೇ?

ಅದಕ್ಕೇ ಈ ಡಬ್ಬಿ. ಒಳಗಿರುವುದು ಕರೆಂಟಿನ ಹಲ್ಲುಜ್ಜುವ ಬ್ರಷ್ಷು. ಅಕ್ಕ ಹಿಂದೊಮ್ಮೆ ಈ ಮಾತು ತೆಗೆದಾಗ ನೀನು ಸಾಹುಕಾರರ ಮಕ್ಕಳು ಆಡೋ ಗಿಲಕಿ ಅದು, ಹಲ್ಲುಜ್ಜೋಕೂ ಮೆಷಿನ್ ಬೇಕಾದಷ್ಟು ಸೋಮಾರಿಯಾಗಿಲ್ಲ ಎಂದದ್ದು ನನಗೆ ಗೊತ್ತು. ಎರಡು ಕೈ ಇರುವವನಿಗೆ ಅದು ಶೋಕಿಯೇ ಇರಬಹುದು. ನಿನಗೆ ಅದು ಕೈ. ಎರಡು ಕಾಲು ಇರುವವನಿಗೆ ಊರುಗೋಲೂ ಶೋಕಿಯೇ.

ಕಂಪನಿಯ ಕಲ್ಯಾಣಾಧಿಕಾರಿಯ ಹತ್ತಿರ ಮೊದಲು ಹೋಗಿದ್ದೆ. ನಿನಗೆ ಹೇಳಿರಲಿಲ್ಲ. ಗಾಯಾಳುಗಳಿಗೆ ಕೊಡುವ ಸಾಮಾನುಗಳ ಪಟ್ಟಿಯಲ್ಲಿ ಅವನ ಹತ್ತಿರ ರಬ್ಬರಿನ ಕೈ ಇದೆ. ಚೆನ್ನಾಗಿ ಉಗುರು ಬಿಡಿಸಿದ್ದಾರೆ. ಅಂಗಿಯ ತೋಳಿನ ತುದಿಯಲ್ಲಿ ನೇತುಹಾಕಿಕೊಂಡರೆ ಫೋಟೋದಲ್ಲಿ ಅಂದವಾಗಿ ಕಾಣುತ್ತದೆ. ಒಂದು ಲೋಟವನ್ನೂ ಎತ್ತುವುದಿಲ್ಲ. ಆ ಕೈ ಬೇಡ, ಹಲ್ಲುಜ್ಜುವ ಬ್ರಷ್ಷು ಕೊಡಿ ಎಂದೆ. ಅವನು ಕಡತ ತಿರುವಿ, ಕನ್ನಡಕದ ಮೇಲಿನಿಂದ ನೋಡಿ ಹೇಳಿದ: "ನಿಮ್ಮ ಯಜಮಾನ್ರ ಹಲ್ಲು ಅಪಘಾತದಲ್ಲಿ ಹೋಗಿಲ್ವಲ್ಲಮ್ಮ."

ಅವನ ಮೇಜಿನ ಮೇಲೆ ಪೇಪರ್‌ವೇಟ್ ಇತ್ತು. ಎತ್ತಲಿಲ್ಲ. ನೀನಾಗಿದ್ದರೆ ಎತ್ತುತ್ತಿದ್ದೆ. ಬಲಗೈ ಹೋದವನ ಹಲ್ಲು ಯಾರ ಕೈಲಿ ಸ್ವಚ್ಛವಾಗಬೇಕು ಸ್ವಾಮಿ ಎಂದು ಕೇಳಬೇಕಿತ್ತು. ಮೆಟ್ಟಿಲಿಳಿದು ರಸ್ತೆ ದಾಟಿದ ಮೇಲೆ ನೆನಪಾಯಿತು. ನನ್ನ ಸಿಟ್ಟೆಲ್ಲ ಹೀಗೇ, ರಸ್ತೆ ದಾಟಿದ ಮೇಲೆ ಬರುತ್ತದೆ.

ನಾನೀಗ ತಂಗಿಯ ಮನೆಯ ಹತ್ತಿರ ಒಂದು ರಿಪೇರಿ ಅಂಗಡಿಯಲ್ಲಿ ಕೂರುತ್ತೇನೆ. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಫ್ಯಾನು. ಎದುರಿಗೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿದೆ. ಅವರ ಕುರ್ಚಿಯ ಮೋಟರು ಕೈಕೊಟ್ಟಾಗ ಎರಡು ದಿನ ಕೂತು ಸರಿಮಾಡಿಕೊಟ್ಟೆ. ಅದಕ್ಕೆ ಬದಲು ಈ ಬ್ರಷ್ಷು ಕೇಳಿ ತೆಗೆದುಕೊಂಡೆ. ಜೊತೆಗೆ ಅವರದೇ ಕೆಟ್ಟುಹೋದ ಹಳೆಯದೊಂದನ್ನೂ ತಂದೆ, ಬಿಚ್ಚಿ ನೋಡಲು. ಒಳಗೇನಿದೆ ಎಂದು ಗೊತ್ತಿಲ್ಲದ ವಸ್ತುವನ್ನು ನಿನ್ನ ಬಾಯಿಗೆ ಹೇಗೆ ಕಳಿಸಲಿ?

ಡಾಕ್ಟರಮ್ಮ ಹೇಳಿದ್ದನ್ನು ಹೇಳಿದ ಹಾಗೆ ಬರೆಯುತ್ತೇನೆ, ತಲೆಗೆ ಹಾಕಿಕೋ. ಕೈ ಪಳಗಿದವರು ಸಾದಾ ಬ್ರಷ್ಷಿನಲ್ಲೂ ಚೆನ್ನಾಗಿಯೇ ಉಜ್ಜಬಹುದಂತೆ. ಆದರೆ ಹೆಚ್ಚಿನವರು ಉಜ್ಜುವುದಿಲ್ಲ. ಅರ್ಧ ನಿಮಿಷಕ್ಕೆ ಮುಗಿಸುತ್ತಾರೆ, ಎದುರಿಗೆ ಕಾಣುವುದನ್ನು ತಿಕ್ಕಿ ಹಿಂದಿನದನ್ನು ಬಿಡುತ್ತಾರೆ. ಹಲ್ಲು ವಸಡು ಸೇರುವ ಅಂಚಿನಲ್ಲಿ ಅಂಟು ಅಂಟಾಗಿ ಒಂದು ಪದರ ಕಟ್ಟುತ್ತದೆ. ದಿನಾ ತೆಗೆಯದಿದ್ದರೆ ವಸಡು ಊದುತ್ತದೆ, ರಕ್ತ ಬರುತ್ತದೆ, ಬರುಬರುತ್ತಾ ಹಲ್ಲಿನ ಬೇರಿನ ಹಿಡಿತವೇ ಸಡಿಲವಾಗುತ್ತದೆ. ಈ ಬ್ರಷ್ಷಿನ ಪುಟ್ಟ ತಲೆ ತಾನೇ ಗಿರಗಿರನೆ ಆಡುವುದರಿಂದ ಆ ಪದರವನ್ನು ಚೆನ್ನಾಗಿ ಕೀಳುತ್ತದೆ. ನೀನು ಎಡಗೈಲಿ ತಿಕ್ಕಬೇಕಾಗಿಲ್ಲ. ವಸಡಿನ ಅಂಚಿಗೆ ಕೊಂಚ ಓರೆಯಾಗಿ ಹಿಡಿ, ಒಂದೊಂದು ಹಲ್ಲಿನ ಮೇಲೂ ತುಸು ಹೊತ್ತು ನಿಲ್ಲಿಸಿ ಮುಂದಕ್ಕೆ ಸರಿಸು, ಅಷ್ಟೇ. ಮೂವತ್ತು ಸೆಕೆಂಡಿಗೊಮ್ಮೆ ಗುರ್ ಎಂದು ತಡವರಿಸುತ್ತದೆ. ಆಗ ಬಾಯಿಯ ಬೇರೆ ಮೂಲೆಗೆ ಹೋಗು. ನಾಲ್ಕು ಮೂಲೆ, ಎರಡು ನಿಮಿಷ, ದಿನಕ್ಕೆ ಎರಡು ಸಲ. ಮೂರು ತಿಂಗಳಿಗೆ ತಲೆ ಬದಲಿಸಬೇಕು, ಇನ್ನೊಂದು ತಲೆ ಡಬ್ಬಿಯಲ್ಲಿದೆ.

ಮೊದಲ ವಾರ ರಕ್ತ ಬರುತ್ತದೆ. ಹೆದರಿ ಬಿಡಬೇಡ. ರಕ್ತ ಬಂತೆಂದು ಬ್ರಷ್ಷು ಬಿಟ್ಟಿದ್ದೇ ನೀನು ಮಾಡಿದ ತಪ್ಪಂತೆ. ಉಪ್ಪುನೀರು ಮುಕ್ಕಳಿಸಿದರೆ ಆ ಪದರ ಹೋಗುವುದಿಲ್ಲ. ಆಗಲೇ ಕಲ್ಲುಗಟ್ಟಿರುವುದು ಈ ಬ್ರಷ್ಷಿಗೂ ಜಗ್ಗುವುದಿಲ್ಲ, ಅದನ್ನು ಡಾಕ್ಟರೇ ಕೆರೆದು ತೆಗೆಯಬೇಕು. ಹಾಗಾಗಿ ಈ ವಾರವೇ ಅಕ್ಕನ ಜೊತೆ ಹೋಗು. ಅಲ್ಲಾಡುವ ಹಲ್ಲು ಉಳಿಯುತ್ತದೆ ಎಂದು ಅವರು ಮಾತು ಕೊಡಲಿಲ್ಲ, ನಾನೂ ಕೊಡುವುದಿಲ್ಲ. ಸರಿಯಾಗಿ ಮಾಡಿದರೆ ಎರಡು ಮೂರು ವಾರದಲ್ಲಿ ಊತ ಇಳಿಯಬಹುದು, ರಕ್ತ ಕಡಿಮೆಯಾಗಬಹುದು ಎಂದರು. ವಿಚಾರಣೆಗೆ ಇವತ್ತಿನಿಂದ ಇಪ್ಪತ್ತೆರಡು ದಿನ ಇದೆ. ನಾನು ಲೆಕ್ಕ ಹಾಕಿಯೇ ಕಳಿಸುತ್ತಿರುವುದು.

ಇನ್ನೊಂದು ಮುಖ್ಯ ವಿಷಯ. ನಿನ್ನ ಕೈ ನನಗೆ ಗೊತ್ತು. ತುಕ್ಕು ತಿಕ್ಕುವ ಹಾಗೆ ಒತ್ತುತ್ತೀಯ. ಒತ್ತಿದರೆ ಇದು ಕೆಂಪು ದೀಪ ಹಚ್ಚಿ ನಿಂತುಬಿಡುತ್ತದೆ. ಕೆಟ್ಟಿತು ಎಂದು ಗೋಡೆಗೆ ಎಸೆಯಬೇಡ. ಹಳೆಯದನ್ನು ಬಿಚ್ಚಿದಾಗ ನೋಡಿದೆ. ಒಂದು ಸಣ್ಣ ಮೋಟರು, ಒಂದು ಬ್ಯಾಟರಿ, ಹೆಬ್ಬೆರಳಿನ ಉಗುರಿನಷ್ಟು ಸರ್ಕ್ಯೂಟು. ಒತ್ತಡ ಹೆಚ್ಚಾಯಿತು ಎಂದು ಅದಕ್ಕೆ ತಿಳಿಯುತ್ತದೆ. ವಸಡಿನ ತೊಗಲು ಸವೆಯಬಾರದು ಎಂದು ಯಾರೋ ಕೂತು ಯೋಚಿಸಿದ್ದಾರೆ. ಅದರ ಮೈಯನ್ನು ಹೇಗೆ ಬೆಸೆದಿದ್ದಾರೆಂದರೆ, ಒಡೆಯದೆ ಒಳಗೆ ಕೈ ಹಾಕಲು ನನ್ನಿಂದಲೇ ಆಗಲಿಲ್ಲ.

ಅಂಗಡಿಯಲ್ಲಿ ಅದನ್ನು ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಕೊಳ್ಳುವವನ ವಸಡಿಗೆ ಇಷ್ಟು ಬೆಲೆ. ದುಡಿಯುವವನ ಕೈಗೆ? ನೂರು ಟನ್ನಿನ ಪ್ರೆಸ್ಸಿಗೂ ಒಂದು ಸೆನ್ಸರ್ ಇತ್ತಲ್ಲ, ನಾವು ಕಣ್ಣು ಎನ್ನುತ್ತಿದ್ದೆವಲ್ಲ, ಕೈ ಒಳಗಿದ್ದರೆ ಪ್ರೆಸ್ ಇಳಿಯಬಾರದು ಎಂದು ಇಟ್ಟದ್ದು. ಅದರ ಪೆಟ್ಟಿಗೆಗೆ ಬೀಗವೂ ಇರಲಿಲ್ಲ. ಆ ಕಣ್ಣು ಕಟ್ಟಲು ಒಂದು ಸ್ಕ್ರೂಡ್ರೈವರು, ಒಂದು ಗೇಣು ವಯರು, ನಾಲ್ಕು ನಿಮಿಷ ಸಾಕು. ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎಂದು ಕೇಳಬೇಡ. ವಯರ್‌ಮನ್ ಕೆಲಸದವಳಿಗೆ ಗೊತ್ತಿರುತ್ತದೆ.

ನನ್ನನ್ನು ಮನೆಯಿಂದ ಕಳಿಸಿದ್ದಕ್ಕೆ ನಿನಗೆ ಬೇಸರವಿದೆ ಎಂದು ಅಕ್ಕ ಅಂದರು. ಬೇಸರ ಬೇಡ. ಹನ್ನೊಂದು ದಿನ ನಾನು ಮಗ್ಗು ಹಿಡಿದು, ನಿನ್ನ ಗಲ್ಲ ಎತ್ತಿ ಹಲ್ಲುಜ್ಜಿದೆ. ನೀನು ಕಣ್ಣು ಮುಚ್ಚಿಕೊಂಡು ಬಾಯಿ ತೆರೆಯುತ್ತಿದ್ದೆ. ಹನ್ನೆರಡನೇ ದಿನ ಮಗ್ಗು ತಳ್ಳಿ, "ನಾನೇನು ಎಳೆಗೂಸಾ? ಹೋಗು ನಿನ್ನ ತಂಗಿ ಮನೆಗೆ" ಎಂದೆ. ನೀನು ಸಿಟ್ಟಿನಲ್ಲಿ ಅಂದದ್ದು, ಸಂಜೆಗೆ ಮರೆತುಬಿಡುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಧ್ಯಾಹ್ನದೊಳಗೆ ಚೀಲ ತುಂಬಿಕೊಂಡು ಹೊರಟೆ. ನೀನು ನೂಕಿದ್ದರಿಂದ ಹೋದೆ ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ಹೇಳಿಕೊಂಡು ತಿರುಗಿದೆ. ನಿಜ ಹೇಳುತ್ತೇನೆ: ನೀನು ಹೋಗು ಎನ್ನಲೆಂದೇ ಕಾದಿದ್ದೆ. ಅಷ್ಟು ಹತ್ತಿರದಿಂದ ನಿನ್ನ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಎಂಟು ತಿಂಗಳಾಯಿತು. ವಾಪಸ್ ಬರಲೇ ಎಂದು ಕೇಳುವ ಮುಖವಿಲ್ಲ. ಬರಬೇಡ ಎಂದು ನೀನು ಹೇಳಿದರೆ ತಡೆದುಕೊಳ್ಳುವ ಎದೆಯೂ ಇಲ್ಲ. ಗೇಟಿನಲ್ಲಿ ಮುಷ್ಟಿ ಎತ್ತಿ ಕೂಗುವುದನ್ನು ಸಂಘದವರು ನಮಗೆ ಕಲಿಸಿದರು. ಒಬ್ಬಳೇ ಕೂತಾಗ ಎತ್ತಿದ ಕೈಯನ್ನು ಏನು ಮಾಡಬೇಕು ಎಂದು ಯಾರೂ ಕಲಿಸಲಿಲ್ಲ.

ವಿಚಾರಣೆಗೆ ಹೋಗು. ರಕ್ತ ಬಂದರೆ ಬರಲಿ, ಕರವಸ್ತ್ರ ಹಿಡಿದುಕೊಂಡಾದರೂ ಮಾತಾಡು. ಹಲ್ಲಿಲ್ಲದ ಬಾಯಿಂದ ಬಂದ ನಿಜವೂ ನಿಜವೇ.

ಇಂತಿ,
ಕರೆಂಟಮ್ಮ

ಮರೆತ ಮಾತು: ಮರೆತಿರಲಿಲ್ಲ. ಮೇಲಿನ ಪುಟಗಳಲ್ಲಿ ಬರೆಯಲಾಗಲಿಲ್ಲ. ಆ ಪ್ರೆಸ್ಸಿನ ಕಣ್ಣು ಕಟ್ಟಿದವಳು ನಾನೇ. ಎಣ್ಣೆಯ ಮಂಜು ಕೂತು ಅದು ಗಳಿಗೆಗೊಮ್ಮೆ ಸುಮ್ಮಸುಮ್ಮನೆ ಲೈನು ನಿಲ್ಲಿಸುತ್ತಿತ್ತು. ಮಂಗಳವಾರ ಟೀ ಮುಗಿದ ಮೇಲೆ ಸೂಪರ್‌ವೈಸರ್ ಬಂದು, "ಹೊಸದು ಬರೋವರೆಗೆ ಎರಡೇ ದಿನ ಬೈಪಾಸ್ ಮಾಡಿಡಮ್ಮ" ಎಂದ. ಬಾಯಿಮಾತಿನ ಹುಕುಂ, ಕಾಗದವಿಲ್ಲ. ಆ ತಿಂಗಳ ಕಾಯಂ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಅದು ಅವನ ಕೈಲಿತ್ತು. ನಿನಗೆ ಹೇಳಿದ್ದರೆ ನೀನು ಆ ಕ್ಷಣವೇ ಲೈನು ನಿಲ್ಲಿಸಿ ಎಲ್ಲರನ್ನೂ ಹೊರಗೆ ಕರೆಯುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ಗುರುವಾರ ನಿನ್ನ ಕೈ ಹೋಯಿತು. ಆ ಸಂಜೆ ನಾನು ಆಸ್ಪತ್ರೆಗೆ ಒಂದು ಗಂಟೆ ತಡವಾಗಿ ಬಂದು ಬಸ್ಸು ಸಿಗಲಿಲ್ಲ ಎಂದಿದ್ದೆ. ಬಸ್ ಸ್ಟಾಪಿಗೇ ಹೋಗಿರಲಿಲ್ಲ. ಸೂಪರ್‌ವೈಸರ್ ಕಣ್ಣಲ್ಲೇ ಸನ್ನೆ ಮಾಡಿದ್ದ, ನಾನು ಆ ವಯರು ಬಿಚ್ಚಿ ಎಲ್ಲವನ್ನೂ ಮೊದಲಿದ್ದ ಹಾಗೆ ಜೋಡಿಸುತ್ತಿದ್ದೆ. ಅದಕ್ಕೇ ತಪಾಸಣೆಯವರಿಗೆ ಸೆನ್ಸರ್ ಸರಿಯಾಗಿದೆ ಎಂದು ಕಂಡದ್ದು, ಅದಕ್ಕೇ ನಿನ್ನದು ಅಜಾಗರೂಕತೆಯಾದದ್ದು. ಈ ಪುಟವನ್ನು ಎರಡನೇ ತಾರೀಖು ಅವರ ಮುಂದೆ ಓದು. ಕೆಳಗೆ ನನ್ನ ಸಹಿ ಇದೆ, ಎಲೆಕ್ಟ್ರಿಕಲ್ ವಿಭಾಗ, ಟೋಕನ್ ನಂಬರ್ ೩೧೭. ಅವರು ಎಲ್ಲವನ್ನೂ ನನ್ನ ತಲೆಗೆ ಕಟ್ಟಿ ಸೂಪರ್‌ವೈಸರನ್ನು ಬಿಟ್ಟುಬಿಡುತ್ತಾರೆ ಎಂದು ಗೊತ್ತು. ಆದರೂ ಓದು. ನಾನೇ ಬಂದು ಓದುತ್ತೇನೆ ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿದೆ. ಬರೆಯಲಾಗಲಿಲ್ಲ.