ಅರ್ಜಿಯ ಮೊದಲ ಹೆಸರು

ಸವಣೂರು
೧೨ ಜನವರಿ ೨೦೨೩

ಪ್ರೀತಿಯ ಸುಧಾರಾಣಿಗೆ,

ಶೀಲಕ್ಕನ ನೆನಪುಗಳು. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಸಿಟ್ಟಾಗಬೇಡ. ಫೋನು ಹಿಡಿದಾಗಲೆಲ್ಲ ಬೇರೆ ಏನೇನೋ ಮಾತಾಡಿ ಇಟ್ಟುಬಿಟ್ಟೆ. ಗೋಕಾಕದ ಹೊಸ ಮನೆ ನಿನಗೆ ಒಗ್ಗಿದೆ ಎಂದು ಓದಿ ಸಮಾಧಾನವಾಯಿತು.

ಗುಳಿಗೆಯ ಗಲಾಟೆ ಏನಾಯಿತೆಂದು ಕೇಳಿದ್ದೀ. ನೀನು ಹೋದ ಮೇಲೆ, ಮಳೆಗಾಲದಲ್ಲಿ, ನಾವಿಬ್ಬರೂ ನುಂಗುವ ಎಚ್‌ಐವಿ ಗುಳಿಗೆಯೇ ಸರಕಾರಿ ಆಸ್ಪತ್ರೆಯ ಗುಳಿಗೆ ಕೇಂದ್ರದಲ್ಲಿ ತೀರುತ್ತ ಬಂತು. ತಿಂಗಳಿಗಾಗುವಷ್ಟು ಕೊಡುತ್ತಿದ್ದವರು ಐದು ದಿನಕ್ಕೆ ಕೊಡತೊಡಗಿದರು. ಹಾನಗಲ್ಲಿನವರು, ಹಿರೇಕೆರೂರಿನವರು ಐದು ದಿನಕ್ಕೊಮ್ಮೆ ಕೂಲಿ ಬಿಟ್ಟು ಹೇಗೆ ಬಂದಾರು? ಕೆಲವರು ದಿನ ಬಿಟ್ಟು ದಿನ ನುಂಗಿದರು. ಹಿರೇಕೆರೂರಿನ ಮಾಲಾ ಏಳು ತಿಂಗಳ ಬಸುರಿ. ಅವಳಿಗೆ ಮಾತ್ರ ತಪ್ಪಬಾರದೆಂದು ಉಳಿದವರು ತಮ್ಮ ಡಬ್ಬಿಯಿಂದ ತೆಗೆದುಕೊಟ್ಟರು.

ಕೊನೆಗೆ ಜುಲೈನ ಒಂದು ಸೋಮವಾರ ನಾಲ್ಕೂ ತಾಲ್ಲೂಕಿನವರು ಕೂಡಿ ಕೇಂದ್ರದ ಬಾಗಿಲಲ್ಲಿ ಕುಳಿತೆವು, ಮುಖಕ್ಕೆ ಸೆರಗು, ಟವೆಲು ಸುತ್ತಿಕೊಂಡು. ಮಧ್ಯಾಹ್ನ ಕೇಂದ್ರದ ಡಾಕ್ಟರ್ ಸಾಹೇಬರು ಹೊರಗೆ ಬಂದರು. "ಬಾಯಿಮಾತಿಗೆ ಮ್ಯಾಲಿನವ್ರು ಕೇಳಂಗಿಲ್ರಿ. ಹೆಸರು, ಊರು, ಸಹಿ ಹಾಕಿ ಅರ್ಜಿ ಕೊಡ್ರಿ" ಎಂದರು. ಅರ್ಜಿ ನಾನೇ ಬರೆದು ಓದಿ ಹೇಳಿದೆ. ಪೆನ್ನನ್ನು ಯಾರೂ ಮುಟ್ಟಲಿಲ್ಲ. ಹೆಸರು ಹಾಕಿದರೆ ಊರಿಗೆ ಗೊತ್ತಾಗುತ್ತದೆ. ನಮ್ಮ ಭಯವೆಲ್ಲ ಅದೇ ತಾನೆ.

ಆಗ ಫಕ್ಕೀರವ್ವ ಎದ್ದಳು. ತಡಸದ ಆಚೆಯ ಹಳ್ಳಿಯವಳು, ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ವಿಧವೆ, ನಿನಗೆ ನೆನಪಿರಬೇಕು. "ಗುಳಿಗಿ ಸಿಗಲಿಲ್ಲಂದ್ರ ಬರೇ ಹೆಸರು ತಗೊಂಡು ಏನ್ ಮಾಡೂದೈತಿ? ನನ್ನ ಹೆಬ್ಬಟ್ಟು ಒತ್ತಸ್ಕೋರಿ" ಎಂದಳು. ಆಮೇಲೆ ಒಬ್ಬೊಬ್ಬರೇ ಬಂದರು. ಸಂಜೆಯೊಳಗೆ ನಲವತ್ತೊಂದು ಜನ.

ಹದಿನೆಂಟು ದಿನಕ್ಕೆ ಗುಳಿಗೆ ಬಂತು, ಪೂರಾ ತಿಂಗಳದ್ದು. ಮಾಲಾಗೆ ಹೆಣ್ಣು ಕೂಸು. ಮೊದಲ ಪರೀಕ್ಷೆಯಲ್ಲಿ ಕೂಸಿಗೆ ರೋಗವಿಲ್ಲವೆಂದು ಬಂದಿದೆ. ಒಳ್ಳೆಯ ಸುದ್ದಿ ಇದೊಂದೇ.

ಅರ್ಜಿಯ ಹಾಳೆಯನ್ನು ಯಾರೋ ಫೋನಿನಲ್ಲಿ ಫೋಟೋ ತೆಗೆದು ಹಂಚಿದರು. ಮೊದಲ ಹೆಸರು ಫಕ್ಕೀರವ್ವನದು. ಮೂರನೆಯ ದಿನ ಶಾಲೆಯಲ್ಲಿ ಅವಳು ಮಾಡಿದ ಅನ್ನ ಪಾತ್ರೆಯಲ್ಲೇ ಉಳಿಯಿತು. ನಾಲ್ಕನೆಯ ದಿನ ಬರಬೇಡ ಎಂದರು. ನಾನು ಹೋಗಿ ಹೆಡ್‌ಮಾಸ್ತರರಿಗೆ, ಹೀಗೆ ಕೆಲಸ ಬಿಡಿಸಬಾರದು, ಕಾನೂನಿದೆ ಎಂದೆ. "ಕಾನೂನು ನನಗೂ ಗೊತ್ತೈತ್ರಿ. ಮಂದಿ ಹುಡುಗೂರನ್ನ ಸಾಲಿಗೆ ಕಳಸವಲ್ರು, ನಾ ಏನ್ ಮಾಡ್ಲಿ ಹೇಳ್ರಿ" ಎಂದರು. ನನ್ನ ಮುಖ ನೋಡಲಿಲ್ಲ. ಮೇಲಿನವರಿಗೆ ಕಳಿಸಿದ ದೂರಿಗೆ ಇವತ್ತಿನವರೆಗೂ ಉತ್ತರವಿಲ್ಲ.

ಫಕ್ಕೀರವ್ವ ಕೇಂದ್ರಕ್ಕೆ ಬರುವುದನ್ನೇ ಬಿಟ್ಟಳು. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರಂತೆ. ಎರಡು ಸಲ ನಾನೇ ಗುಳಿಗೆ ಒಯ್ದು ಕೊಟ್ಟೆ. ಎರಡನೆಯ ಸಲ ಹೋದಾಗ ಮೊದಲಿನ ಡಬ್ಬಿಯ ಮುಚ್ಚಳ ಕೂಡ ತೆಗೆದಿರಲಿಲ್ಲ. "ಯಾರ ಸಲುವಾಗಿ ನುಂಗ್ಲಿ ಅಕ್ಕಾ?" ಎಂದಳು. ಬೈದೆ, ಅತ್ತೆ, ಎದುರಿಗೆ ಕೂತು ಒಂದು ನುಂಗಿಸಿದೆ. ಅಷ್ಟರಲ್ಲಿ ಕ್ಷಯ ಹಿಡಿದಿತ್ತು. ಡಿಸೆಂಬರ್ ಇಪ್ಪತ್ತೊಂದಕ್ಕೆ ತೀರಿಕೊಂಡಳು. ಊರಿನವರು ಹೆಗಲು ಕೊಡಲಿಲ್ಲ. ನಾವು ಒಂಬತ್ತು ಹೆಂಗಸರೇ ಹೊತ್ತು ಮಣ್ಣು ಮಾಡಿ ಬಂದೆವು.

ನಿನ್ನ ಗುಳಿಗೆ ಒಂದು ದಿನವೂ ತಪ್ಪಿಸಬೇಡ. ನಿನ್ನ ಯಜಮಾನರಿಗೆ ನಮಸ್ಕಾರ ಹೇಳು. ನಿನ್ನ ಮನೆ ತಂಪಾಗಿರಲಿ, ನಿನಗೆ ನೂರು ವರ್ಷ ಆಯುಷ್ಯವಿರಲಿ ತಂಗಿ.

ನಿನ್ನ
ಶೀಲಕ್ಕ

ತಾ.ಕ.: ಆ ನಲವತ್ತೊಂದರಲ್ಲಿ ನನ್ನ ಹೆಸರಿಲ್ಲ, ಸುಧಾ. ಮಗನಿಗೆ ಆಗಷ್ಟೇ ಹೆಣ್ಣು ಗೊತ್ತಾಗಿತ್ತು, ಬೀಗರಿಗೆ ನನ್ನ ವಿಷಯ ತಿಳಿದಿರಲಿಲ್ಲ. ಅರ್ಜಿಯನ್ನು ಒಳಗೆ ಕೊಡುವ ಮುಂಚೆ ಫಕ್ಕೀರವ್ವ, "ಅಕ್ಕಾ, ನಿಂದು ಎಲ್ಲೈತಿ?" ಎಂದು ಕೇಳಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ನಾನು ಅವಳದೇ ಹೆಸರಿನ ಮೇಲೆ ಬೆರಳಿಟ್ಟು, "ಇದ ನೋಡು ನಂದು, ನಿನ್ನ ಹೆಬ್ಬಟ್ಟಿನ ಮಗ್ಗಲಕ್ಕ ಐತಿ" ಎಂದೆ. ಅವಳು ನಂಬಿ, ನನ್ನ ಕೈ ಹಿಡಿದುಕೊಂಡಳು.